ಸ್ಪೀಕರ್ ಕೊಳ್ಳುವ ಮುನ್ನ ಜಾತಕ ನೋಡಿ

ಮದುವೆಗೆ ಜಾತಕ ಕೂಡಿಸುತ್ತೇವೆ, ಸೀರೆಗೆ ರವಿಕೆ ಬಟ್ಟೆ ಹಿಡಿದು ನೋಡುತ್ತೇವೆ, ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳುವಾಗಲೂ ಎಷ್ಟು ಲೀಟರಿನದು ಎಂದು ಕೇಳಿಯೇ ಕೊಳ್ಳುತ್ತೇವೆ. ಆದರೆ ಸ್ಟೀರಿಯೋಗೆ ಸ್ಪೀಕರ್ ಕೊಳ್ಳುವ ಮಾತು ಬಂತೆಂದರೆ "ಅದೆಲ್ಲ ಗಂಡಸರ ವಿಷಯ" ಎಂದು ಸುಮ್ಮನಾಗುತ್ತೇವೆ. ದುಡ್ಡು ಹೋಗುವುದು ಮಾತ್ರ ನಾವು ತಿಂಗಳು ತಿಂಗಳು ಉಳಿಸಿದ್ದರಿಂದಲೇ! ಆದ್ದರಿಂದ ಸೋದರಿಯರೇ, ಇದನ್ನೂ ಸ್ವಲ್ಪ ತಿಳಿದುಕೊಳ್ಳೋಣ. ಬೇಳೆ ಆರಿಸುವಷ್ಟು ತಾಳ್ಮೆಯಿದ್ದರೆ ಸಾಕು, ಇಂಜಿನಿಯರಿಂಗ್ ಓದಬೇಕಾಗಿಲ್ಲ.

ರಿಸೀವರ್ ಎಂದರೆ ರೇಡಿಯೋ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ. ನಮ್ಮ ಜೀವನ್ ಬಿಮಾ ನಗರದ ಎಷ್ಟೋ ಮನೆಗಳಲ್ಲಿ ಇಂಥದೊಂದು ಶೋಕೇಸಿನಲ್ಲಿ ಕೂತಿದೆ. ಇದು ಜೀವ ವಿಮಾ ನಿಗಮ ಕಟ್ಟಿಸಿದ ಬಡಾವಣೆ, ಪಕ್ಕದಲ್ಲೇ ಎಚ್.ಎ.ಎಲ್. ವಿಮಾನ ನಿಲ್ದಾಣ. 2008ರ ಮೇ ತಿಂಗಳವರೆಗೆ ಊರಿನ ಪ್ರಯಾಣಿಕರೆಲ್ಲ ಇಳಿಯುತ್ತಿದ್ದುದು ಅಲ್ಲಿಯೇ. ದುಬೈ, ಸಿಂಗಪುರಗಳಿಂದ ಬಂದ ಅಣ್ಣ, ಭಾವಂದಿರು ಹೊತ್ತು ತಂದ ರಿಸೀವರುಗಳು ಇಂದಿಗೂ ಗಟ್ಟಿಯಾಗಿವೆ. ಜೊತೆಗೆ ಬಂದ ಸ್ಪೀಕರುಗಳು ಮಾತ್ರ ಕಾಲಕ್ರಮದಲ್ಲಿ ಹರಿದುಹೋಗಿರುತ್ತವೆ. ಹೊಸ ಜೋಡಿ ಸ್ಪೀಕರ್ ಹಾಕಿದರೆ ಸಾಕು, ಮೊಬೈಲಿನಿಂದ ಒಂದು ವೈರು ಎಳೆದು ಬೇಕಾದ ಹಾಡು ಕೇಳಬಹುದು. ವಿವಿಧ ಭಾರತಿ 102.9ರಲ್ಲಿ ಹೇಗೂ ಇದ್ದೇ ಇದೆ.

ಮೊದಲು ಬೆನ್ನು ನೋಡಿ

ಅಂಗಡಿಗೆ ಹೋಗುವ ಮುನ್ನ ರಿಸೀವರನ್ನು ತಿರುಗಿಸಿ, ಧೂಳು ಒರೆಸಿ, ಹಿಂಭಾಗ ಓದಿ. ಸ್ಪೀಕರ್ ವೈರು ಸಿಕ್ಕಿಸುವ ಜಾಗದ ಹತ್ತಿರ ಕುದುರೆ ಲಾಳದಂಥ ಒಂದು ಚಿಹ್ನೆ, ಅದರ ಪಕ್ಕ 8 ಅಥವಾ 6ರಿಂದ 16 ಎಂದೇನಾದರೂ ಇರುತ್ತದೆ. ಅದೇ ಓಮ್. ವಿದ್ಯುತ್ತಿನ ಹರಿವಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಅದು.

ಮಹಡಿಯ ಮೇಲಿನ ಟ್ಯಾಂಕಿಯನ್ನು ನೆನೆಸಿಕೊಳ್ಳಿ. 8 ಓಮ್ ಸ್ಪೀಕರ್ ಸಣ್ಣ ಬಾಯಿಯ ನಲ್ಲಿ ಇದ್ದಂತೆ, 4 ಓಮಿನದು ದೊಡ್ಡ ಬಾಯಿಯ ನಲ್ಲಿ. 4 ಓಮಿನದು ಸುಮಾರು ಎರಡರಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಅಷ್ಟು ಕೊಡಲಾರದ ರಿಸೀವರು ಕಾದು, ಒಳಗಿನ ಟ್ರಾನ್ಸಿಸ್ಟರು ಸುಟ್ಟುಹೋಗುತ್ತದೆ. ರಿಸೀವರ್ ಹೇಳಿದ ಸಂಖ್ಯೆಗಿಂತ ಹೆಚ್ಚು ಓಮಿನ ಸ್ಪೀಕರ್ ಹಾಕಿದರೆ ದನಿ ಸ್ವಲ್ಪ ತಗ್ಗಬಹುದು, ಅಪಾಯವಿಲ್ಲ. ಕಡಿಮೆ ಓಮಿನದು ಮಾತ್ರ ಬೇಡವೇ ಬೇಡ.

ನಮ್ಮ ಸಾಲಿನಲ್ಲೊಬ್ಬರ ಮನೆಯಲ್ಲಿ ಆದದ್ದು ಕೇಳಿ. ತೀರಿಕೊಂಡ ಯಜಮಾನರು ಕುವೈತಿನಿಂದ ತಂದಿದ್ದ ರಿಸೀವರು. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಬೆಳಗಿನ ಭಕ್ತಿಗೀತೆಗೆ ಅದೇ ಆಗಬೇಕು. ಅಂಗಡಿಯೊಬ್ಬರು ಕಾರಿನ ಸ್ಪೀಕರನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಸಿ ಅಗ್ಗವಾಗಿ ಕೊಟ್ಟರು. ಕಾರಿನ ಸ್ಪೀಕರು ಸಾಮಾನ್ಯವಾಗಿ 4 ಓಮ್, ರಿಸೀವರು 8 ಕೇಳುವಂಥದು. ಎರಡು ವಾರ ಹಾಡಿತು, ಮೂರನೆಯ ವಾರ ಸುಟ್ಟ ವಾಸನೆ ಬಂದು ನಿಂತಿತು. ಅದರ ಬಿಡಿಭಾಗ ಈಗ ಸಿಗುವುದಿಲ್ಲ ಎಂದರು ರಿಪೇರಿಯವರು. ಉಳಿಸಿದ್ದು ಎಷ್ಟು, ಕಳೆದದ್ದು ಎಷ್ಟು? ಅಜ್ಜಿಗೆ ಮೊಬೈಲಿನಲ್ಲಿ ಹಾಕಿಕೊಟ್ಟರೆ "ಇದು ಅವನ ರೇಡಿಯೋ ಅಲ್ಲ" ಅಂತಾರಂತೆ.

ಇನ್ನೊಂದು ಎಚ್ಚರಿಕೆ: ಒಂದೇ ಜಾಗಕ್ಕೆ 8 ಓಮಿನ ಎರಡು ಸ್ಪೀಕರ್ ಒಟ್ಟಿಗೆ ಕಟ್ಟಿದರೆ ಅದು 4 ಓಮ್ ಆಗುತ್ತದೆ. ಹಾಲಿಗೆರಡು, ಅಡುಗೆ ಮನೆಗೆರಡು ಎಂದು ಆಸೆಪಡುವ ಮುನ್ನ ಇದನ್ನು ನೆನಪಿಡಿ.

ವ್ಯಾಟಿನ ಮಾಯೆ

ಪೆಟ್ಟಿಗೆಯ ಮೇಲೆ "1000 ವ್ಯಾಟ್ ಪಿ.ಎಂ.ಪಿ.ಓ." ಎಂದು ದಪ್ಪಕ್ಷರದಲ್ಲಿದ್ದರೆ ಮರುಳಾಗಬೇಡಿ. ಅದು ಜಾಹೀರಾತಿನ ಲೆಕ್ಕ. ನೀವು ಕೇಳಬೇಕಾದದ್ದು "ಆರ್.ಎಂ.ಎಸ್. ಎಷ್ಟು?" ಎಂದು. ಅದು ಸತತವಾಗಿ ತಡೆದುಕೊಳ್ಳುವ ಶಕ್ತಿ. ನಾವು ಮನೆಯಲ್ಲಿ ಹದವಾಗಿ ಹಾಡು ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟ್ ಮಾತ್ರ. ಹಾಲಿಗೆ ಆರ್.ಎಂ.ಎಸ್. ಲೆಕ್ಕದಲ್ಲಿ 20, 30 ವ್ಯಾಟಿನ ರಿಸೀವರು ಧಾರಾಳ.

ಸ್ಪೀಕರಿನ ವ್ಯಾಟ್ ರಿಸೀವರಿನದಕ್ಕೆ ಸಮ ಅಥವಾ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಸಣ್ಣ ರಿಸೀವರನ್ನು ಪೂರ್ತಿ ತಿರುಗಿಸಿ ಕಿರುಚಿಸಿದರೂ ಸ್ಪೀಕರ್ ಕೆಡುತ್ತದೆ. ದನಿ ಒಡೆದು ಬಂದಾಗ ಮೇಲಿನ ಪುಟ್ಟ ಟ್ವೀಟರ್ ಮೊದಲು ಸುಡುತ್ತದೆ. ದನಿ ಒಡೆಯಿತೆಂದರೆ ಕೂಡಲೇ ಗುಂಡಿ ತಗ್ಗಿಸಿ.

ಅಂಗಡಿಯವರು ತಾವಾಗಿ ಹೇಳದ ಇನ್ನೊಂದು ಅಂಕಿಯಿದೆ, ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಎಂಬುದು ಇದರ ಅರ್ಥ. 85 ಎಂದರೆ ಮೆತ್ತಗಿನದು, 90 ಎಂದರೆ ಚುರುಕು. ಮೂರು ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವ್ಯಾಟಿನಲ್ಲೇ ಅಷ್ಟೇ ದನಿ ಸಿಗುತ್ತದೆ. ಕಡಿಮೆ ವ್ಯಾಟಿನ ಹಳೆಯ ರಿಸೀವರ್ ಇದ್ದವರು 88ಕ್ಕಿಂತ ಮೇಲಿನದನ್ನೇ ಹುಡುಕಿ. ಕಡಿಮೆ ಸೌದೆಗೆ ಹೆಚ್ಚು ಉರಿ ಕೊಡುವ ಒಲೆ ಇದ್ದ ಹಾಗೆ.

ಕೋಣೆಗೆ ತಕ್ಕ ಪೆಟ್ಟಿಗೆ

ಹತ್ತು ಹನ್ನೆರಡು ಅಡಿಯ ಹಾಲಿಗೆ ಆಳೆತ್ತರದ ಸ್ಪೀಕರು ಬೇಡ. ಐದು ಅಥವಾ ಆರೂವರೆ ಇಂಚಿನ ವೂಫರ್ ಇರುವ, ಶೆಲ್ಫಿನಲ್ಲಿ ಕೂರುವ ಪೆಟ್ಟಿಗೆ ಸಾಕು. ಎರಡೂ ಒಂದೇ ಜಾತಿಯವಾಗಿರಲಿ, ಆಗಲೇ ಸ್ಟೀರಿಯೋ. ಕಂಪ್ಯೂಟರಿಗೆ ಬರುವಂಥ, ತನ್ನದೇ ಪ್ಲಗ್ ಇರುವ ಸ್ಪೀಕರುಗಳಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಅವನ್ನು ರಿಸೀವರಿನ ಸ್ಪೀಕರ್ ಜಾಗಕ್ಕೆ ಸಿಕ್ಕಿಸಬಾರದು. ಹೋಂ ಥಿಯೇಟರಿನ ಅಂಗೈಯಗಲದ ಡಬ್ಬಿಗಳೂ ಬೇಡ. ಅವು ಸಬ್‌ವೂಫರನ್ನು ನಂಬಿಕೊಂಡಂಥವು, ಓಮೂ ಹಲವು ಸಲ ಕಡಿಮೆ.

ಹಳೆಯದನ್ನು ಕೊಳ್ಳುವವರಿಗೆ

ಕೈಲಿ ದುಡ್ಡು ಕಡಿಮೆಯಿದ್ದರೆ ಹಳೆಯ ಒಳ್ಳೆಯ ಸ್ಪೀಕರು ಹೊಸ ಕಳಪೆಗಿಂತ ಮೇಲು. ನಮ್ಮ ಬೆಂಗಳೂರಿನಲ್ಲಿ ಇದಕ್ಕೆಲ್ಲ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆಯೇ ಪೇಟೆ. ನಿಮ್ಮ ಊರಲ್ಲಾದರೆ ರೇಡಿಯೋ ರಿಪೇರಿಯವರನ್ನು ಕೇಳಿ. 1970ರಲ್ಲಿ ಶುರುವಾದ ಕಲ್ಕತ್ತೆಯ ಸೋನೋಡೈನ್, ಹಾಗೆಯೇ ಕಾಸ್ಮಿಕ್, ಫಿಲಿಪ್ಸ್ ಹೆಸರಿನ ಹಳೆಯ ಪೆಟ್ಟಿಗೆಗಳು ಕಣ್ಣಿಗೆ ಬಿದ್ದರೆ ಹೀಗೆ ಪರೀಕ್ಷಿಸಿ:

ಮುಂದಿನ ಬಟ್ಟೆಯ ಜಾಲರಿ ತೆಗೆಸಿ. ಕಾಗದದ ಕೋನಿನ ಸುತ್ತ ಇರುವ ಅಂಚನ್ನು ಬೆರಳಿಂದ ಮೃದುವಾಗಿ ಮುಟ್ಟಿ. ಅದು ಸ್ಪಂಜಿನದಾಗಿದ್ದರೆ ಹತ್ತಿಪ್ಪತ್ತು ವರ್ಷಕ್ಕೆ ಹಳೆಯ ರಸ್ಕಿನ ಹಾಗೆ ಪುಡಿಯಾಗುತ್ತದೆ. ರಬ್ಬರು, ಬಟ್ಟೆಯ ಅಂಚು ಹೆಚ್ಚು ಬಾಳುತ್ತದೆ. ಸ್ಪಂಜನ್ನು ಹೊಸದಾಗಿ ಅಂಟಿಸುವವರಿದ್ದಾರೆ, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ. ನಾಲ್ಕು ಬೆರಳಿಂದ ಕೋನನ್ನು ಸಮನಾಗಿ ಒತ್ತಿದಾಗ ಕರಕರ ಅಂದರೆ ಒಳಗಿನ ಸುರುಳಿ ಉಜ್ಜುತ್ತಿದೆ, ಬಿಟ್ಟುಬಿಡಿ. ಮಲ್ಟಿಮೀಟರ್ ಹಚ್ಚಿ ತೋರಿಸಲು ಹೇಳಿ. 8 ಓಮಿನದು ಮೀಟರಿನಲ್ಲಿ 6, 7ರ ಸುತ್ತ, 4 ಓಮಿನದು 3ರಿಂದ 4ರ ಒಳಗೆ ತೋರಿಸುತ್ತದೆ. ಚೀಟಿ ಕಿತ್ತುಹೋಗಿದ್ದರೂ ಮೀಟರು ನಿಜ ಹೇಳುತ್ತದೆ.

ಹಳೆಯ ರಿಸೀವರನ್ನೂ ಕೊಳ್ಳುವವರಾದರೆ ವೋಲ್ಟೇಜು ನೋಡಿ. ಜಪಾನಿನ ಪೇಟೆಯದು 100, ಅಮೆರಿಕದ್ದು 120 ವೋಲ್ಟು. ನಮ್ಮ 230ಕ್ಕೆ ನೇರವಾಗಿ ಸಿಕ್ಕಿಸಿದರೆ ಕಥೆ ಮುಗಿಯಿತು. ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಕಿವಿಗೇ ಕೊನೆಯ ಮಾತು

ಅಂಗಡಿಯವರು ಢಂಢಂ ಎನ್ನುವ ಸಿನಿಮಾ ಹಾಡು ಹಾಕುತ್ತಾರೆ. ಅದರಲ್ಲಿ ಯಾವ ಸ್ಪೀಕರೂ ಭರ್ಜರಿಯೇ! ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡನ್ನು ಹಾಕಿಸಿ. ಎಸ್. ಜಾನಕಿಯವರ ದನಿಯಲ್ಲಿ ಸ, ಶ ಅಕ್ಷರಗಳು ಕಿವಿಗೆ ಚುಚ್ಚಬಾರದು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಾದರೆ ಮೀಟಿದ ನಾದ ನಿಧಾನವಾಗಿ ಕರಗುವುದು ಕೇಳಬೇಕು. ಮೃದಂಗದ ಎಡಗಡೆಯ ಗುಂಕಿ ಗುಂಡಗೆ ಬರಬೇಕು, ಡಬ್ಬ ಬಡಿದಂತಲ್ಲ. ಎರಡು ಜೋಡಿ ಹೋಲಿಸುವಾಗ ಎರಡೂ ಒಂದೇ ಮಟ್ಟದ ದನಿಯಲ್ಲಿರಲಿ. ತುಸು ಜೋರಾಗಿ ಕೇಳಿದ್ದೇ ಚೆಂದ ಅನಿಸುವುದು ಕಿವಿಯ ಸ್ವಭಾವ. ಸಾಧ್ಯವಾದರೆ ನಿಮ್ಮ ರಿಸೀವರನ್ನೇ ಒಯ್ಯಿರಿ.

ಮನೆಗೆ ತಂದ ಮೇಲೆ

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಅದಲುಬದಲಾದರೆ ತಗ್ಗು ಸ್ವರಗಳೇ ಮಾಯವಾಗುತ್ತವೆ. ವೈರು ಸಿಕ್ಕಿಸುವಾಗ ಪ್ಲಗ್ ಕಿತ್ತಿರಲಿ, ಎಳೆಗಳು ಒಂದಕ್ಕೊಂದು ತಾಗದಿರಲಿ. ದುಬಾರಿ ವೈರು ಬೇಡ; ಇಪ್ಪತ್ತು ಅಡಿಯೊಳಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ಸ್ಪೀಕರನ್ನು ಮೂಲೆಗೆ ತುರುಕಬೇಡಿ, ಗುಂಯ್ ಎನ್ನುತ್ತದೆ. ಗೋಡೆಯಿಂದ ಅರ್ಧ, ಒಂದಡಿ ಮುಂದಿರಲಿ, ಟ್ವೀಟರು ಕೂತವರ ಕಿವಿಯ ಎತ್ತರಕ್ಕಿರಲಿ. ಬರಿ ನೆಲ, ಬರಿ ಗೋಡೆಯ ಹಾಲಿನಲ್ಲಿ ದನಿ ಮಾರ್ದನಿಗೊಡುತ್ತದೆ. ಒಂದು ಜಮಖಾನ ಹಾಸಿ, ದಪ್ಪ ಪರದೆ ಇಳಿಬಿಟ್ಟು ನೋಡಿ; ದುಡ್ಡಿಲ್ಲದೆ ಸ್ಪೀಕರಿನ ದರ್ಜೆ ಏರಿದಂತಾಗುತ್ತದೆ. ನಮ್ಮಂತೆ ಗೋಡೆಗೆ ಗೋಡೆ ಕೂಡಿದ ಮನೆಗಳಾದರೆ ನೆರೆಯವರ ಗೋಡೆಗೆ ಪೆಟ್ಟಿಗೆ ಒರಗಿಸದಿರುವುದು ಸ್ನೇಹಕ್ಕೂ ಒಳ್ಳೆಯದು.

ಚೀಟಿಯಲ್ಲಿ ಬರೆದುಕೊಂಡು ಹೋಗಿ

1. ನನ್ನ ರಿಸೀವರ್ ಕೇಳುವ ಓಮ್ ಎಷ್ಟು? ಈ ಸ್ಪೀಕರಿನದು ಅದಕ್ಕಿಂತ ಕಡಿಮೆಯಿಲ್ಲ ತಾನೆ?
2. ಆರ್.ಎಂ.ಎಸ್. ವ್ಯಾಟ್ ಎಷ್ಟು?
3. ಸೆನ್ಸಿಟಿವಿಟಿ ಎಷ್ಟು ಡೆಸಿಬೆಲ್?
4. ಅಂಚು ಸ್ಪಂಜೋ, ರಬ್ಬರೋ, ಬಟ್ಟೆಯೋ?
5. ಹೊಂದದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ? ಬಿಲ್ಲಿನ ಮೇಲೆ ಬರೆದುಕೊಡಿ.

ಈ ಐದು ಪ್ರಶ್ನೆ ಕೇಳಿದ ಮೇಲೆ ಅಂಗಡಿಯವರು ನಿಮ್ಮ ಯಜಮಾನರ ಮುಖ ನೋಡುವುದು ಬಿಟ್ಟು ನಿಮ್ಮ ಜೊತೆಗೇ ಮಾತಾಡುತ್ತಾರೆ. ಉತ್ತರ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಡಿ. ಬೆಲೆ ಹೆಚ್ಚಿದ್ದುದೆಲ್ಲ ನಿಮ್ಮ ರಿಸೀವರಿಗೆ ಒಗ್ಗುವುದಿಲ್ಲ. ಒಗ್ಗಿದ ಸಾಧಾರಣ ಜೋಡಿಯೇ ಹತ್ತಾರು ವರ್ಷ ನೆಮ್ಮದಿಯಾಗಿ ಹಾಡುತ್ತದೆ.