ಹಸುವಿನ ಕೆಮ್ಮು, ಮನೆಗೆ ಕಾಯಿಲೆ

ದನದ ಕೆಮ್ಮಿಗೂ ಮನೆಯವರ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಹಲವು ಹಳೆಯ ಮನೆಗಳಲ್ಲಿ ದನಕ್ಕೂ ಜನಕ್ಕೂ ಒಂದೇ ಸೂರು. ಆದ್ದರಿಂದ ಕೊಟ್ಟಿಗೆಯ ಕೆಮ್ಮನ್ನು ಕಡೆಗಣಿಸುವಂತಿಲ್ಲ.

ದನಗಳ ಉಸಿರು ಕಟ್ಟಿಸುವ ರೋಗಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಗಳಲೆ ರೋಗ. ಇದು ಮಳೆಗಾಲದಲ್ಲಿ ಹೆಚ್ಚು. ವಿಪರೀತ ಜ್ವರ, ಗಂಟಲ ಬಾವು, ಗೊರಗೊರ ಉಸಿರು. ಒಂದೆರಡು ದಿನಗಳಲ್ಲೇ ಸಾವು. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿಸುವುದೇ ಇದಕ್ಕೆ ರಕ್ಷಣೆ. ಸಾಮಾನ್ಯವಾಗಿ ಇದು ಮನುಷ್ಯರಿಗೆ ಅಂಟುವುದಿಲ್ಲ.

ಮನುಷ್ಯರಿಗೆ ಅಂಟುವುದು ನಿಧಾನವಾಗಿ ಬರುವ ಕ್ಷಯ. ತಿಂಗಳುಗಟ್ಟಲೆ ಕೆಮ್ಮು, ಮೇವು ತಿಂದರೂ ಸೊರಗುವ ಮೈ, ಇಳಿಯುವ ಹಾಲು ಇದರ ಲಕ್ಷಣಗಳು. ಕೆಲವು ಹಸುಗಳಲ್ಲಿ ಯಾವ ಲಕ್ಷಣವೂ ಕಾಣದು. ರೋಗಾಣು ಉಸಿರಿನ ಮೂಲಕ ಪಕ್ಕದ ದನಕ್ಕೂ, ಹಸಿ ಹಾಲಿನ ಮೂಲಕ ಮಕ್ಕಳಿಗೂ ದಾಟುತ್ತದೆ. ಮಕ್ಕಳಲ್ಲಿ ಕತ್ತಿನ ಗಂಟು ಅಥವಾ ಕರುಳಿನ ಕ್ಷಯ ಕಾಣಿಸಿಕೊಳ್ಳಬಹುದು. ಕ್ಷಯದ ಮುಖ್ಯ ಔಷಧಿಗಳಲ್ಲೊಂದಾದ ಪೈರಜಿನಮೈಡ್ ಹಸುವಿನ ಕ್ಷಯದ ರೋಗಾಣುವಿಗೆ ನಾಟುವುದಿಲ್ಲ. ಆದುದರಿಂದ ಮನೆಯಲ್ಲಿ ಕೆಮ್ಮುವ ಹಸುವಿದ್ದರೆ ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ.

ನೊರೆಹಾಲು ಕುಡಿದರೆ ಮೈಗೆ ಬಲ ಎಂಬ ನಂಬಿಕೆ ಇನ್ನೂ ಇದೆ. ಕಾಯಿಸಿದರೂ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಉಳಿಯುತ್ತವೆ. ಸಾಯುವುದು ರೋಗಾಣು ಮಾತ್ರ.

ಈ ಕ್ರಮಗಳನ್ನು ಅನುಸರಿಸಿ:

1. ಹಾಲನ್ನು ಉಕ್ಕಿ ಬರುವವರೆಗೆ ಕಾಯಿಸಿಯೇ ಕುಡಿಯಿರಿ.

2. ವಾರಗಟ್ಟಲೆ ಕೆಮ್ಮುವ ದನವನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ. ಚರ್ಮಕ್ಕೆ ಟ್ಯೂಬರ್ಕ್ಯುಲಿನ್ ಚುಚ್ಚಿ, 72 ಗಂಟೆಗಳ ನಂತರ ಬಾವು ಅಳೆದು ಕ್ಷಯವನ್ನು ಪತ್ತೆ ಹಚ್ಚುತ್ತಾರೆ.

3. ಸಂತೆಯಿಂದ ತಂದ ದನವನ್ನು ಕೆಲವು ವಾರ ಉಳಿದವುಗಳ ಜೊತೆ ಬಿಡಬೇಡಿ. ಅದಕ್ಕೆ ನೀರು, ಮೇವು ಬೇರೆಯಾಗಿಯೇ ಇಡಿ.

4. ಕೊಟ್ಟಿಗೆಗೆ ಗಾಳಿ, ಬೆಳಕು ಧಾರಾಳವಾಗಿರಲಿ. ಅದರೊಳಗೆ ಮಲಗಬೇಡಿ.

5. ಮನೆಯಲ್ಲಿ ಯಾರಿಗಾದರೂ 2 ವಾರ ಮೀರಿ ಕೆಮ್ಮಿದ್ದರೆ ಮೆಣಸಿನಕಾಯಿ ಘಾಟೆಂದು ಸುಮ್ಮನಿರದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಮನುಷ್ಯರ ಕ್ಷಯವೂ ದನಗಳಿಗೆ ತಗಲಬಲ್ಲದು.

ಕೊನೆಯದಾಗಿ ಒಂದು ಮಾತು. ಹಸು ಕೆಮ್ಮುತ್ತಿದೆಯೆಂದು ಅದನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳಬೇಡಿ. ಅದರ ಹಾಲು ಮತ್ತೊಂದು ಮನೆಯ ಮಗುವಿನ ಲೋಟ ಸೇರುತ್ತದೆ.