ಹರ್ನಿಯಾ ಹೊಟ್ಟೆಯದು, ಪ್ರಶ್ನೆ ಹೃದಯದ್ದು

ಹರ್ನಿಯಾ ಆಪರೇಷನ್ನಿಗೆಂದು ಅಪ್ಪ ಊರಿಂದ ಪುಣೆಗೆ ಬಂದಿದ್ದರು. ಅರಿವಳಿಕೆ ತಜ್ಞೆ ಹಿಂದಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ: "ನಿಲ್ಲದೆ ಎರಡು ಮಹಡಿ ಹತ್ತುತ್ತೀರಾ?" ಹೂಂ ಅಂದರು. ನಾಲ್ಕು ತಿಂಗಳ ಹಿಂದೆ ಸ್ಟೆಂಟ್ ಹಾಕಿಸಿದ್ದನ್ನು ಹೇಳಲೇ ಇಲ್ಲ. ನಾನೇ ಹೇಳಿದೆ. "ಅದು ಎದೇದು, ಇದು ಹೊಟ್ಟೇದು. ಸುಮ್ನೆ ನಿನ್ನ ರಜೆ ಯಾಕೆ ಹಾಳು?" ಎಂದರು ಅಪ್ಪ.

ಆದರೆ ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿಯಬಹುದು, ನೋವಿಗೆ ಎದೆಬಡಿತ ಏರಬಹುದು. ಕಿರಿದಾದ ರಕ್ತನಾಳಕ್ಕೆ ಎರಡೂ ಕಷ್ಟ. ಅದನ್ನು ತಾಳುವ ಶಕ್ತಿ ಹೃದಯಕ್ಕಿದೆಯೇ ಎಂದು ಅಂದಾಜು ಮಾಡಲಿಕ್ಕೇ ಮಹಡಿಯ ಪ್ರಶ್ನೆ. ಹೊಸ ಸ್ಟೆಂಟಿಗೆ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆಗಳು ಬೇಕು. ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಭಯ. ಮುಂದುವರಿಸಿದರೆ ಆಪರೇಷನ್ನಿನಲ್ಲಿ ರಕ್ತಸ್ರಾವದ ಭಯ. ಅದಕ್ಕೇ ಔಷಧಲೇಪಿತ ಸ್ಟೆಂಟ್ ಇರುವವರ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದೂಡುತ್ತಾರೆ.

ಅಪ್ಪನದೂ ಮುಂದಕ್ಕೆ ಹೋಯಿತು. ಹೆತ್ತವರನ್ನು ಆಪರೇಷನ್ನಿಗೆ ಕರೆಸಿಕೊಳ್ಳುವವರು ಸ್ಟೆಂಟ್ ಹಾಕಿದ ದಿನಾಂಕವಿರುವ ಡಿಸ್ಚಾರ್ಜ್ ಪತ್ರ, ಇಕೋ ವರದಿ, ಮಾತ್ರೆಗಳ ಪಟ್ಟಿ ತರಿಸಿಕೊಳ್ಳಿ. ಯಾವ ಮಾತ್ರೆ ನಿಲ್ಲಿಸಬೇಕೆಂದು ಹೃದ್ರೋಗ ತಜ್ಞರೂ ಅರಿವಳಿಕೆ ತಜ್ಞರೂ ಸೇರಿ ನಿರ್ಧರಿಸಲಿ. ಅಪ್ಪ ಅಮ್ಮ ಹೇಳದೆ ಬಿಟ್ಟದ್ದನ್ನು ನಾವೇ ಹೇಳಬೇಕು.