ಮನೆ ನಕ್ಷೆ: ಗೆರೆ ಸಾಕೇ, ಮಾಹಿತಿಯೂ ಬೇಕೇ?

ಶಿಕಾರಿಪುರ: ಮನೆ ಕಟ್ಟಲು ಹೊರಟವರ ಕೈಗೆ ಮೊದಲು ಬರುವುದು ನಕ್ಷೆ. ಶಿಕಾರಿಪುರ, ಸೊರಬದಂಥ ತಾಲ್ಲೂಕು ಕೇಂದ್ರಗಳಲ್ಲೂ ಈಗ ಅದನ್ನು ಕೈಯಿಂದ ಬರೆಯುವವರು ವಿರಳ. ಎಂಜಿನಿಯರ್ ಕಚೇರಿಯ ಕಂಪ್ಯೂಟರ್‌ನಲ್ಲಿ ಸಿದ್ಧವಾಗುವ ಆ ಹಾಳೆಯನ್ನು ನಂಬಿಯೇ ಮಾಲೀಕ ಸಾಲ ಮಾಡುತ್ತಾನೆ, ಮೇಸ್ತ್ರಿ ಪಾಯ ತೆಗೆಸುತ್ತಾನೆ. ನಕ್ಷೆಯಲ್ಲಿ ಉಳಿದ ಸಣ್ಣ ತಪ್ಪು ಗೋಡೆ ಎದ್ದ ಮೇಲೆ ಗೊತ್ತಾದರೆ, ಒಡೆದು ಕಟ್ಟುವ ಖರ್ಚು ಬೀಳುವುದು ಮನೆಯವರ ಮೇಲೆಯೇ. ಈ ಹಿನ್ನೆಲೆಯಲ್ಲಿ ಕಟ್ಟಡ ವಿನ್ಯಾಸದ ಎರಡು ವಿಧಾನಗಳ ವ್ಯತ್ಯಾಸ ತಿಳಿಯುವುದು ಉಪಯುಕ್ತ. ಒಂದು, ಬಹುಕಾಲದಿಂದ ಬಳಕೆಯಲ್ಲಿರುವ ‘ಕ್ಯಾಡ್’. ಇನ್ನೊಂದು, ‘ಬಿಮ್’ ಎಂದು ಕರೆಯಲಾಗುವ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ಅಂದರೆ ಕಟ್ಟಡದ ಮಾಹಿತಿ ಮಾದರಿ.

ಗೆರೆಗೆ ಗೋಡೆಯ ಅರಿವಿಲ್ಲ

ಅಮೆರಿಕದ ಆಟೊಡೆಸ್ಕ್ ಸಂಸ್ಥೆ 1982ರಲ್ಲಿ ಹೊರತಂದ ಆಟೊಕ್ಯಾಡ್, ನಕ್ಷೆ ಬರೆಯುವ ಕೆಲಸವನ್ನು ಡ್ರಾಯಿಂಗ್ ಬೋರ್ಡ್‌ನಿಂದ ಕಂಪ್ಯೂಟರ್ ಪರದೆಗೆ ತಂದಿತು. ಅಳತೆ ನಿಖರವಾಯಿತು, ತಿದ್ದುವುದು ಸುಲಭವಾಯಿತು. ಆದರೆ ಕ್ಯಾಡ್‌ನಲ್ಲಿ ಸಾಮಾನ್ಯವಾಗಿ ಬರೆಯುವ ನಕ್ಷೆ ಮೂಲತಃ ಗೆರೆಗಳ ಜೋಡಣೆ. ಎರಡು ಸಮಾನಾಂತರ ಗೆರೆಗಳನ್ನು ಗೋಡೆ ಎಂದು ಓದುವುದು ಮನುಷ್ಯನೇ ಹೊರತು ತಂತ್ರಾಂಶವಲ್ಲ. ಆಟೊಕ್ಯಾಡ್‌ನಲ್ಲಿ ಮೂರು ಆಯಾಮದ ಚಿತ್ರವನ್ನೂ ರಚಿಸಬಹುದು. ಆದರೆ ಆಕಾರ ಕಂಡ ಮಾತ್ರಕ್ಕೆ ಅದು ಯಾವ ವಸ್ತು, ಎಷ್ಟು ಬೇಕು ಎಂಬ ಮಾಹಿತಿ ತಾನಾಗಿ ಬರುವುದಿಲ್ಲ.

ಬಿಮ್‌ನಲ್ಲಿ ಎಳೆಯುವುದು ಗೆರೆಯನ್ನಲ್ಲ, ಗೋಡೆಯನ್ನೇ. ಅದರ ಎತ್ತರ, ದಪ್ಪ, ಇಟ್ಟಿಗೆಯ ಬಗೆ, ಗಾರೆಯ ಪದರ ಎಲ್ಲವೂ ಅದರೊಂದಿಗೆ ದಾಖಲಾಗುತ್ತವೆ. ಕಿಟಕಿ ಇಟ್ಟರೆ ಅದು ಗೋಡೆಯ ಭಾಗವಾಗುತ್ತದೆ. ಅಷ್ಟು ಇಟ್ಟಿಗೆ ಲೆಕ್ಕದಿಂದ ಕಳೆಯುತ್ತದೆ. ನೆಲದ ನಕ್ಷೆ, ಮುಂಭಾಗದ ನೋಟ, ಸೀಳುನೋಟ, ಸಾಮಗ್ರಿ ಪಟ್ಟಿ ಇವೆಲ್ಲ ಒಂದೇ ಮಾದರಿಯಿಂದ ಹೊರಡುತ್ತವೆ.

ಈ ಕಲ್ಪನೆ ಹೊಸದೇನಲ್ಲ. ಅಮೆರಿಕದ ಚಕ್ ಈಸ್ಟ್‌ಮನ್ 1970ರ ದಶಕದ ಮಧ್ಯಭಾಗದಲ್ಲೇ ಇಂಥ ವ್ಯವಸ್ಥೆಯನ್ನು ವಿವರಿಸಿದ್ದರು. ಹಂಗರಿಯ ಗ್ರಾಫಿಸಾಫ್ಟ್ ಸಂಸ್ಥೆಯ ಆರ್ಕಿಕ್ಯಾಡ್ 1980ರ ದಶಕದಲ್ಲಿ ಬಂದಿತು. ರೆವಿಟ್ 2000ದಲ್ಲಿ ಮಾರುಕಟ್ಟೆ ಪ್ರವೇಶಿಸಿತು; 2002ರಲ್ಲಿ ಅದನ್ನು ಆಟೊಡೆಸ್ಕ್ ಖರೀದಿಸಿತು.

ಅರ್ಧ ಅಡಿಯ ಬದಲಾವಣೆ

ಒಂದು ಉದಾಹರಣೆ ನೋಡೋಣ. 30–40 ಅಡಿಯ ನಿವೇಶನದಲ್ಲಿ ಎರಡು ಅಂತಸ್ತಿನ ಮನೆ. ಮೂರು ಅಡಿ ಅಗಲದ ಬಾಗಿಲು ಮೂರೂವರೆ ಅಡಿ ಆಗಲಿ ಎಂದು ಮಾಲೀಕರು ಕೇಳುತ್ತಾರೆ. ಕ್ಯಾಡ್ ಬಳಸುವವರು ನೆಲದ ನಕ್ಷೆ, ಮುಂಭಾಗದ ನೋಟ, ಸೀಳುನೋಟ, ಬಾಗಿಲುಗಳ ಪಟ್ಟಿ ಮತ್ತು ಅಂದಾಜು ಪಟ್ಟಿ ಹೀಗೆ ಐದು ಕಡೆ ತಿದ್ದಬೇಕು. ಪಟ್ಟಿಯೊಂದನ್ನು ಮರೆತರೆ ಬಡಗಿ ಹಳೆಯ ಅಳತೆಗೇ ಚೌಕಟ್ಟು ಮಾಡಿ ತರುತ್ತಾನೆ. ಬಿಮ್‌ನಲ್ಲಿ ಬಾಗಿಲನ್ನು ಒಮ್ಮೆ ಬದಲಿಸಿದರೆ ಅದೇ ಮಾದರಿಯಿಂದ ಹೊರಡುವ ಹಾಳೆಗಳೆಲ್ಲ ಬದಲಾಗುತ್ತವೆ.

ಮಳೆ ಹೆಚ್ಚಿರುವ ಕಡೆ ಹಂಚಿನ ಇಳಿಜಾರು ಮಾಡು ಕಟ್ಟುವಾಗ ಈ ಅನುಕೂಲ ಇನ್ನೂ ಸ್ಪಷ್ಟ. ಇಳಿಜಾರನ್ನು ಸ್ವಲ್ಪ ಹೆಚ್ಚಿಸಿದರೂ ಪಕ್ಕದ ಗೋಡೆಯ ಎತ್ತರ, ಪಕಾಸಿಯ ಉದ್ದ, ಹಂಚಿನ ಸಂಖ್ಯೆ ಬದಲಾಗುತ್ತವೆ. ಎರಡು ಇಳಿಜಾರು ಕೂಡುವ ಜಾಗದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ಗೆರೆಯ ನಕ್ಷೆಯಲ್ಲಿ ಊಹಿಸಬೇಕು. ಮಾದರಿಯಲ್ಲಿ ಮೊದಲೇ ಕಾಣಬಹುದು.

ಆಸ್ಪತ್ರೆ, ವಸತಿ ನಿಲಯದಂಥ ಕಟ್ಟಡಗಳಲ್ಲಿ ಬೀಮ್, ಕೊಳವೆ, ವಿದ್ಯುತ್ ತಂತಿಗಳ ನಕ್ಷೆಗಳನ್ನು ಬೇರೆ ಬೇರೆಯವರು ಸಿದ್ಧಪಡಿಸುತ್ತಾರೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬಂದರೆ ಬಿಮ್ ತಂತ್ರಾಂಶ ಅದನ್ನು ಪತ್ತೆ ಹಚ್ಚಿ ತೋರಿಸುತ್ತದೆ. ಬ್ರಿಟನ್ ಸರ್ಕಾರ ಕೇಂದ್ರೀಯ ಸಾರ್ವಜನಿಕ ಕಾಮಗಾರಿಗಳಿಗೆ 2016ರ ಏಪ್ರಿಲ್‌ನಿಂದ ಬಿಮ್ ಕಡ್ಡಾಯಗೊಳಿಸಿತು. ನಮ್ಮ ದೇಶದ ನಾಗಪುರ ಮೆಟ್ರೊ ಯೋಜನೆಯಲ್ಲಿ ಮಾದರಿಗೆ ಕಾಲಾವಧಿ ಮತ್ತು ವೆಚ್ಚದ ಲೆಕ್ಕವನ್ನೂ ಜೋಡಿಸಲಾಗಿತ್ತು.

ಕಲ್ಲಿನ ದೇಗುಲಗಳಿಗೂ ಬಂತು

ಬಿಮ್ ಹೊಸ ಕಟ್ಟಡಗಳಿಗೆ ಮಾತ್ರ ಸೀಮಿತವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಾಲಯಗಳಂಥ ಹಳೆಯ ಕಟ್ಟಡಗಳನ್ನು ನೇರ ಗೆರೆಗಳಲ್ಲಿ ಪೂರ್ಣವಾಗಿ ಹಿಡಿಯುವುದು ಕಷ್ಟ. ಶತಮಾನಗಳಲ್ಲಿ ಕಲ್ಲು ವಾಲಿರುತ್ತದೆ, ಬಿರುಕು ಬಿಟ್ಟಿರುತ್ತದೆ. ಲೇಸರ್ ಸ್ಕ್ಯಾನರ್ ಇಂಥ ಮೇಲ್ಮೈಯನ್ನು ಲಕ್ಷಾಂತರ ಬಿಂದುಗಳಾಗಿ ಅಳೆಯುತ್ತದೆ. ಆ ಬಿಂದುಗಳಿಂದ ಕಟ್ಟಿದ ಮಾದರಿಯಲ್ಲಿ ಪ್ರತಿ ಕಂಬದ ಸ್ಥಿತಿ, ದುರಸ್ತಿಯ ವಿವರಗಳನ್ನು ದಾಖಲಿಸಿಡಬಹುದು. ಪ್ಯಾರಿಸ್‌ನ ನೊತ್ರ್ ದಾಮ್ ಚರ್ಚ್ 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದಾಗ, ಅದಕ್ಕೂ ಮುನ್ನ ನಡೆದಿದ್ದ ಲೇಸರ್ ಅಳತೆಗಳು ಪುನರ್ನಿರ್ಮಾಣಕ್ಕೆ ನೆರವಾದವು. ಅದಕ್ಕಾಗಿ ಬಿಮ್ ಮಾದರಿಯನ್ನೂ ಸಿದ್ಧಪಡಿಸಲಾಯಿತು. 2024ರ ಡಿಸೆಂಬರ್‌ನಲ್ಲಿ ಚರ್ಚ್ ಮತ್ತೆ ತೆರೆಯಿತು.

ಮಿತಿಗಳೂ ಇವೆ

ಹಾಗೆಂದು ಬಿಮ್ ಸರ್ವರೋಗ ನಿವಾರಕವಲ್ಲ. ಮಾದರಿಗೆ ತುಂಬಿದ ಮಾಹಿತಿ ತಪ್ಪಾದರೆ ಹೊರಬರುವ ಲೆಕ್ಕವೂ ತಪ್ಪೇ. ತಂತ್ರಾಂಶದ ವಾರ್ಷಿಕ ಶುಲ್ಕ, ಸಮರ್ಥ ಕಂಪ್ಯೂಟರ್, ಕಲಿಕೆಗೆ ಬೇಕಾದ ಸಮಯ ಇವು ಸಣ್ಣ ಊರಿನ ಕಚೇರಿಗೆ ಹೊರೆಯೇ ಸರಿ. ಆರಂಭದಲ್ಲಿ ಕೆಲಸ ನಿಧಾನವಾಗುತ್ತದೆ. ಕಟ್ಟುವ ಸ್ಥಳದಲ್ಲಿ ಮೇಸ್ತ್ರಿ ಕೇಳುವುದು ಇಂದಿಗೂ ಕಾಗದದ ಹಾಳೆಯನ್ನೇ. ಉಚಿತ ದಾರಿಯೂ ಇಲ್ಲದಿಲ್ಲ: 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0 ಆವೃತ್ತಿಯಲ್ಲಿ ಬಿಮ್ ವಿಭಾಗ ಅಡಕವಾಗಿದೆ. ಬೇರೆ ಬೇರೆ ತಂತ್ರಾಂಶಗಳ ನಡುವೆ ಮಾಹಿತಿ ಹಂಚಿಕೊಳ್ಳಲು ‘ಐಎಫ್‌ಸಿ’ ಎಂಬ ಮುಕ್ತ ಮಾದರಿಯೂ ಇದೆ.

ಹೆಚ್ಚು ಚಿಂತೆಗೆ ಕಾರಣವಾಗಬಹುದಾದದ್ದು ಉದ್ಯೋಗ. ಗೆರೆ ಎಳೆಯುವುದನ್ನಷ್ಟೇ ಕಲಿತ ಡಿಪ್ಲೊಮಾ ಪದವೀಧರನಿಗೆ ಬಿಮ್ ಕಚೇರಿಯಲ್ಲಿ ಅವಕಾಶ ಕಡಿಮೆ. ಮಾದರಿಯಲ್ಲಿ ಗೋಡೆ ನಿಲ್ಲಿಸಬೇಕಾದರೆ ಗೋಡೆಯನ್ನು ಹೇಗೆ ಕಟ್ಟುತ್ತಾರೆ ಎಂಬುದು ಗೊತ್ತಿರಬೇಕು. ಅದನ್ನು ಬಲ್ಲವರಿಗೆ ಊರಿನಲ್ಲಿ ಕುಳಿತೇ ದೂರದ ನಗರಗಳ ಕೆಲಸ ಮಾಡಿಕೊಡಲು ಸಾಧ್ಯ.

ಒಂದಂತಸ್ತಿನ ಸರಳ ಮನೆಗೆ ಒಳ್ಳೆಯ ಕ್ಯಾಡ್ ನಕ್ಷೆ ಮತ್ತು ಎಚ್ಚರದ ಮೇಲ್ವಿಚಾರಣೆ ಸಾಕು. ಅಂತಸ್ತು, ಇಳಿಜಾರು, ಕೊಳವೆ ಜಾಲ ಹೆಚ್ಚಿದಂತೆ ಬಿಮ್‌ನ ಬೆಲೆ ತಿಳಿಯುತ್ತದೆ. ಯಾವ ವಿಧಾನವೇ ಇರಲಿ, ಪಾಯ ತೋಡುವ ಮುನ್ನ ಮಾಲೀಕರು ಎಂಜಿನಿಯರನ್ನು ಮೂರು ಪ್ರಶ್ನೆ ಕೇಳುವುದು ಒಳಿತು: ಬೀಮ್ ಮತ್ತು ಮೆಟ್ಟಿಲು ಎಲ್ಲಾದರೂ ತಾಗುತ್ತವೆಯೇ? ಕೊನೆಯ ಬದಲಾವಣೆ ಎಲ್ಲ ಹಾಳೆಗಳಲ್ಲೂ ಬಂದಿದೆಯೇ? ಸಾಮಗ್ರಿಯ ಅಂದಾಜು ಇದೇ ನಕ್ಷೆಯದೇ, ಹಳೆಯದರದೇ?